ಎರಡಕ್ಕೂ ಐದಕ್ಕೂ ನಡುವಿನ ಚುಕ್ಕೆ

ನನ್ನ ತಂದೆಯ ನೆನಪಿಗೆ ಇಪ್ಪತ್ತು ಪುಟಗಳ ಒಂದು ಪುಸ್ತಿಕೆ ಮಾಡಿಸಬೇಕೆಂದು ಹೋದ ವರ್ಷ ನಾನು ರಾಣೆಬೆನ್ನೂರಿನ ಕೈಸರ ಎಂಬ ಮಹಿಳೆಯ ಡಿ.ಟಿ.ಪಿ. ಅಂಗಡಿಗೆ ಹೋಗಿದ್ದೆ. ಮುಖಪುಟದಲ್ಲಿ ಒಂದು ಕಪ್ಪು ಪಟ್ಟಿ ಇರಲಿ, ಅದರೊಳಗೆ ಬಿಳಿ ಅಕ್ಷರದಲ್ಲಿ ತಂದೆಯ ಹೆಸರೂ ಅವರು ಹುಟ್ಟಿದ, ತೀರಿಕೊಂಡ ತಾರೀಖುಗಳೂ ಬರಲಿ ಎಂದೆ.

"ಹೆಸರು ಬೇಕಾದ್ರ ಹಂಗ ಮಾಡ್ತೇನ್ರಿ. ತಾರೀಖು ಮಾಡೂದಿಲ್ಲ" ಎಂದರು ಕೈಸರ.

"ಯಾಕ್ರಿ?"

"ಬಿಳೇ ಅಕ್ಷರದಾಗ ಅಂಕಿ ಹಾಕೂದು ಬಿಟ್ಟೇನಿ."

ಅಷ್ಟು ಹೇಳಿ ಅವರು ಪರದೆಯ ಕಡೆ ತಿರುಗಿದರು. ನಾನು ಮತ್ತೆ ಕೇಳಲಿಲ್ಲ. ಮೂರನೆಯ ಸಲ ತಿದ್ದುಪಡಿಗೆ ಹೋದಾಗ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಅವರಾಗಿಯೇ ಕಾರಣ ಹೇಳಿದರು.

ಕೈಸರ ಹುಟ್ಟಿ ಬೆಳೆದದ್ದು ಹಾವೇರಿಯಲ್ಲಿ. ತಂದೆ ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದವರು. ಪಿ.ಯು.ಸಿ. ಮುಗಿದ ಮೇಲೆ ಮಗಳನ್ನು ಅವರೇ ಒಂದು ಮುದ್ರಣಾಲಯಕ್ಕೆ ಸೇರಿಸಿದರು. ಆಗಷ್ಟೇ ಅಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಹೋಗಿ ಕಂಪ್ಯೂಟರ್ ಬಂದಿತ್ತು. ಕೈಸರ ಮೊದಲ ವಾರದಲ್ಲೇ ಕಲಿತದ್ದೇನೆಂದರೆ, ಕಂಪ್ಯೂಟರಿನೊಳಗೆ ಕನ್ನಡ ಇಲ್ಲ. ಇರುವುದು ಇಂಗ್ಲಿಷಿನ ಗುರುತುಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ತೆರೆದರೆ ವೇಷ ಕಳಚಿ ಬಿದ್ದು ಯಾರಿಗೂ ಓದಲಾಗದ ಗುರುತುಗಳು ಮಾತ್ರ ಉಳಿಯುತ್ತವೆ. ಕೆಲವು ಸಲ ಉಲ್ಟಾ ಆಗುತ್ತದೆ. ಇಂಗ್ಲಿಷ್ ಫಾಂಟಿನಲ್ಲಿ ಅರ್ಧ ಎಂದು ತೋರಿಸುವ ಪುಟ್ಟ ಚಿಹ್ನೆ ಇದೆಯಲ್ಲ, ½, ಅದರ ಮೇಲೆ ಕನ್ನಡ ಫಾಂಟು ಹಾಕಿದರೆ ಅದು 'ಳಿ' ಆಗಿಬಿಡುತ್ತದೆ. ಸೇರಿದ ವರ್ಷವೇ ಅವರ ಕೈಯಿಂದ ಒಂದು ಅಡುಗೆ ಪುಸ್ತಕದಲ್ಲಿ '1½ ಸೇರು' ಎಂದಿರಬೇಕಾದಲ್ಲೆಲ್ಲ '1ಳಿ ಸೇರು' ಎಂದು ಅಚ್ಚಾಗಿತ್ತು. ಮಾಲೀಕರು ಎಲ್ಲರ ಮುಂದೆ ಬೈದರು. ಅಂದಿನಿಂದ ಕೈಸರ ಆ ಚಿಹ್ನೆಯನ್ನು ಮುಟ್ಟಲಿಲ್ಲ. ಅರ್ಧ ಬಂದಲ್ಲೆಲ್ಲ ಚುಕ್ಕೆ ಇಟ್ಟು ಐದು ಬರೆಯುವುದು ಅವರ ರೂಢಿಯಾಯಿತು.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದರು. ಗಂಡ ಶಾನವಾಜ ಲಾರಿ ರಿಪೇರಿ ಮಾಡುವವರು. ಮಗಳು ಸಾನಿಯಾ ಹುಟ್ಟಿ ಎರಡು ವರ್ಷಕ್ಕೆ ಕೈಸರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟರು. ಮದುವೆ ಕಾರ್ಡು, ಬೀಜದ ಪೊಟ್ಟಣದ ಲೇಬಲ್ಲು, ಶ್ರದ್ಧಾಂಜಲಿ ಫಲಕ, ಸಂಘದ ವರದಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ, ದೀರ್ಘದ ಕೊಂಬು ಒಂಟಿಯಾಗಿ ಮುಂದಿನ ಸಾಲಿಗೆ ಜಾರದಂತೆ ನೋಡಿಕೊಳ್ಳುವುದರಲ್ಲಿ ಅವರಷ್ಟು ತಾಳ್ಮೆ ಈ ಊರಿನಲ್ಲಿ ಯಾರಿಗೂ ಇಲ್ಲವೆಂದು ಹೇಳುತ್ತಾರೆ. ಅದು ತಾಳ್ಮೆಯಲ್ಲ, ಹೆದರಿಕೆ ಎನ್ನುತ್ತಾರೆ ಕೈಸರ. ಅಚ್ಚಿಗೆ ಕಳಿಸಿದ ಪ್ರತಿಯೊಂದು ಕೆಲಸದ ಮರುದಿನ ಬೆಳಿಗ್ಗೆ ಅವರಿಗೆ ಚಹಾ ಸೇರುತ್ತಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಗೆ, ಶಶಿಕಾಂತ ಎಂಬವರು ಒಂದು ಕರಪತ್ರದ ಕೆಲಸ ತಂದರು. ಅವರದು ದನಕರುಗಳ ಔಷಧದ ಅಂಗಡಿ. ಕುರಿಗಳ ಹೊಟ್ಟೆಯ ಜಂತುಹುಳಕ್ಕೆ ಕುಡಿಸುವ ಹೊಸ ಔಷಧವೊಂದು ಬಂದಿತ್ತು. ಡಬ್ಬಿಯ ಮೇಲೆ ಎಲ್ಲ ಇಂಗ್ಲಿಷಿನಲ್ಲಿದ್ದುದರಿಂದ, ಜೊತೆಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬೇಕಾಗಿತ್ತು. ಅವರು ಕೈಯಿಂದ ಬರೆದು ತಂದಿದ್ದ ಚೀಟಿಯಲ್ಲಿ ಹೀಗಿತ್ತು: ಹತ್ತು ಕೆ.ಜಿ. ತೂಕಕ್ಕೆ 2½ ಮಿ.ಲೀ. ಕೈಸರ ಅದನ್ನು 2.5 ಎಂದು ಬೆರಳಚ್ಚು ಮಾಡಿದರು.

ಮೊದಲ ಪ್ರೂಫಿನಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರಗಳಿದ್ದವು. ಶಶಿಕಾಂತರಿಗೆ ಅದು ಸಪ್ಪೆ ಎನಿಸಿತು.

"ಪ್ರಮಾಣದ ಸಾಲು ಎದ್ದು ಕಾಣಬೇಕ್ರಿ. ಹಸಿರು ಬಾಕ್ಸ್ ಮಾಡಿ, ಒಳಗ ಬಿಳೇ ಅಕ್ಷರ ಹಾಕ್ರಿ."

ಕೈಸರ ಕಡು ಹಸಿರಿನ ಚೌಕ ಎಳೆದು ಅಕ್ಷರಗಳನ್ನು ಬಿಳಿ ಮಾಡಿದರು. ಸಾಲು ಚೌಕದೊಳಗೆ ಹಿಡಿಸಲಿಲ್ಲ. ಅಕ್ಷರದ ಗಾತ್ರ ಇಳಿಸುವ ಬದಲು, ಸಣ್ಣ ಮೈಕಟ್ಟಿನ ಬೇರೊಂದು ಫಾಂಟು ಆರಿಸಿ ಅಕ್ಷರಗಳ ನಡುವಿನ ಜಾಗವನ್ನು ಬಿಗಿ ಮಾಡಿದರು. ಆ ಫಾಂಟಿನಲ್ಲಿ ಚುಕ್ಕೆ ಸೂಜಿಮೊನೆಯಷ್ಟು. ಅಂಗಡಿಯ ಪ್ರಿಂಟರಿನಲ್ಲಿ ತೆಗೆದಾಗ ಅದು ಕಾಣುತ್ತಿತ್ತು. ಶಶಿಕಾಂತ ನೋಡಿ ಸಹಿ ಹಾಕಿದರು. ಕೈಸರ ಹಾಳೆಯ ಬುಡದಲ್ಲಿ ಎಂದಿನಂತೆ 'ಅಕ್ಷರ ಜೋಡಣೆ: ಕೈಸರ ಗ್ರಾಫಿಕ್ಸ್, ರಾಣೆಬೆನ್ನೂರು' ಎಂದು ಸಣ್ಣದಾಗಿ ಸೇರಿಸಿ ಹಾವೇರಿಯ ಒಂದು ಅಚ್ಚಿನ ಮನೆಗೆ ಕಳಿಸಿದರು. ಅಚ್ಚಾದ ಕಟ್ಟು ಶನಿವಾರ ನೇರವಾಗಿ ಶಶಿಕಾಂತರ ಅಂಗಡಿಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ಬೇರೊಂದು ಕೆಲಸದ ಪಾರ್ಸೆಲ್ಲಿನ ಜೊತೆಗೆ ಅದರ ನಾಲ್ಕು ಮಾದರಿ ಪ್ರತಿಗಳು ಕೈಸರರಿಗೆ ಬಂದವು. ತೆಳುವಾದ ಅಗ್ಗದ ಕಾಗದ. ಮೇಲಿನ ಪ್ರತಿಯನ್ನು ಬೆಳಕಿಗೆ ಹಿಡಿದು, ಒತ್ತಕ್ಷರಗಳನ್ನು ನೋಡಿ, ಹಸಿರು ಚೌಕಕ್ಕೆ ಬಂದರು. ಎರಡಕ್ಕೂ ಐದಕ್ಕೂ ನಡುವೆ ಏನೂ ಇರಲಿಲ್ಲ. ಕಾಗದ ಶಾಯಿಯನ್ನು ಹೀರಿ, ಹಸಿರು ನಾಲ್ಕೂ ಕಡೆಯಿಂದ ಹರಡಿ, ಚುಕ್ಕೆಯನ್ನು ನುಂಗಿತ್ತು. ಎರಡನೆಯ ಪ್ರತಿ ನೋಡಿದರು. ಮೂರನೆಯದು. ನಾಲ್ಕನೆಯದರಲ್ಲಿ ಉಗುರಿನಿಂದ ಕೆರೆದು ನೋಡಿದರು. ನಾಲ್ಕರಲ್ಲೂ ಒಂದೇ: ಹತ್ತು ಕೆ.ಜಿ. ತೂಕಕ್ಕೆ 25 ಮಿ.ಲೀ.



ಶಶಿಕಾಂತರಿಗೆ ಫೋನ್ ಮಾಡಿದರು.

"ಆ ಕರಪತ್ರ ಹಂಚಬ್ಯಾಡ್ರಿ. ಚುಕ್ಕಿ ಮುಚ್ಚೇತಿ. ಎರಡೂವರಿ ಹೋಗಿ ಇಪ್ಪತ್ತೈದು ಆಗೇತಿ."

ಶಶಿಕಾಂತ, "ಶನಿವಾರದಿಂದ ಡಬ್ಬಿ ಜೋಡಿ ಕೊಡಾಕತ್ತೇನಲ್ರಿ. ಹದಿನೈದು ಮಂದಿಯಾದ್ರೂ ಒಯ್ದಾರ" ಎಂದರು. ಮತ್ತೆ ತಾವೇ, "ಕುರಿಯವರಿಗೆ ನಾವೇನು ಹೇಳಬೇಕಾಗಿಲ್ರಿ. ಅವರಿಗೆ ಗೊತ್ತಿರ್ತೈತಿ" ಎಂದರು.

"ಹೊಸಾ ಔಷಧ ಅಂತ ನೀವ ಹೇಳಿದ್ರಿ. ಅವರಿಗೆ ಹೆಂಗ ಗೊತ್ತಿರ್ತೈತಿ? ಇಷ್ಟು ಕುಡಿಸಿದ್ರ ಏನಾಗತೈತ್ರಿ?"

ಶಶಿಕಾಂತ, "ಎಲ್ಲಾರಿಗೂ ಫೋನ್ ಮಾಡ್ತೇನಿ. ನೀವು ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಕೆಳಗ ನಿಮ್ಮ ಹೆಸರೂ ಐತಿ" ಎಂದು ಫೋನ್ ಇಟ್ಟರು.

ಆ ಕೊನೆಯ ಮಾತು ಕೈಸರರ ಎದೆಯಲ್ಲಿ ಕೂತಿತು. ಕುರಿಗಳು ಸತ್ತರೆ ಮೊದಲು ಜನ ಹಾಳೆಯನ್ನು ಎತ್ತಿಕೊಳ್ಳುತ್ತಾರೆ. ಹಾಳೆಯ ಬುಡದಲ್ಲಿ ಹೆಸರಿದೆ. ಈಗಿನ ಕಾಲದಲ್ಲಿ ಆ ಹೆಸರು ಓದಿದವರು ಅದಕ್ಕೆ ಏನೇನು ಕೂಡಿಸಿ ಮಾತಾಡಬಹುದು ಎಂಬುದು ಅವರಿಗೆ ಗೊತ್ತಿತ್ತು. ಸಹಿ ಹಾಕಿದವರು ಶಶಿಕಾಂತ, ಅಚ್ಚು ಹಾಕಿದವರು ಹಾವೇರಿಯವರು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಚೀಟಿಯಲ್ಲಿದ್ದ ಅರ್ಧವನ್ನು ಚುಕ್ಕೆ ಮಾಡಿದ್ದು ತಾನು. ಆ ಫಾಂಟು ಆರಿಸಿದ್ದೂ ತಾನು. ಯಾರಿಗೂ ಕಾಣದ ಈ ಎರಡು ಸಂಗತಿಗಳು ಅವರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಅರ್ಧ ಗಂಟೆಗೆ ಶಶಿಕಾಂತರ ಫೋನ್ ಬಂತು. ಒಬ್ಬನನ್ನು ಬಿಟ್ಟು ಎಲ್ಲರೂ ಸಿಕ್ಕಿದ್ದರು. ಇನ್ನೂ ಯಾರೂ ಔಷಧ ಕುಡಿಸಿರಲಿಲ್ಲ. ಸಿಗದೆ ಉಳಿದವನು ಮೇಡ್ಲೇರಿಯ ಕೊಟ್ರಪ್ಪ. ಬಿತ್ತನೆಗೆ ಮುಂಚೆ ಗೊಬ್ಬರಕ್ಕೆಂದು ಬ್ಯಾಡಗಿ ಕಡೆಯ ಯಾರದೋ ಹೊಲದಲ್ಲಿ ಬಲೆಯ ಬೇಲಿ ಕಟ್ಟಿ ಕುರಿ ತರುಬಿದ್ದ. ನಿನ್ನೆ ಸಂಜೆ ಡಬ್ಬಿ ಒಯ್ದಿದ್ದ. ಫೋನ್ ಬಂದ್ ಆಗಿತ್ತು.

"ಅಡವ್ಯಾಗ ಚಾರ್ಜ್ ಎಲ್ಲೈತ್ರಿ ಅವರಿಗೆ? ಸಂಜೀಗೆ ಚಾಲೂ ಮಾಡ್ತಾನ, ಆಗ ಹೇಳೂಣಂತ" ಎಂದರು ಶಶಿಕಾಂತ.

ಕೈಸರ ಶಟರ್ ಎಳೆದರು. ಆಗಷ್ಟೇ ಊಟದ ಡಬ್ಬಿ ತಂದಿದ್ದ ಸಾನಿಯಾಳ ಸ್ಕೂಟಿಯ ಹಿಂದೆ ಕೂತರು. ಮಗಳಿಗೆ ಆಗ ಇಪ್ಪತ್ತು ವರ್ಷ.

"ಎಲ್ಲಿಗೆ ಅಮ್ಮೀ?"

"ಬ್ಯಾಡಗಿ ಕಡೆ, ಮೋಟೆಬೆನ್ನೂರು. ಲಗೂ ನಡಿ."

ಹೆದ್ದಾರಿಯಲ್ಲಿ ಲಾರಿಗಳು ಸ್ಕೂಟಿಯನ್ನು ನಡುಗಿಸಿ ದಾಟಿಹೋಗುತ್ತಿದ್ದವು. ಎಂದೂ ಮಗಳನ್ನು ಹೆದ್ದಾರಿಗೆ ಬಿಡದ ತಾಯಿ ಅಂದು ಹಿಂದಿನಿಂದ "ಜೋರಾಗಿ ಹೋಗು" ಎನ್ನುತ್ತಿದ್ದರು. ಕೈಯಲ್ಲಿ ಕರಪತ್ರ ಬೆವರಿಗೆ ಒದ್ದೆಯಾಗಿ ಹಸಿರು ಬಣ್ಣ ಅಂಗೈಗೆ ಅಂಟಿತ್ತು. ದಾರಿಯುದ್ದಕ್ಕೂ ಅವರು ಮನಸ್ಸಿನಲ್ಲಿ ಹೇಳಿಕೊಂಡದ್ದು ಒಂದೇ ಮಾತು: ಇನ್ನೂ ಕುಡಿಸಿರಬಾರದು, ಇನ್ನೂ ಕುಡಿಸಿರಬಾರದು.

ಮೋಟೆಬೆನ್ನೂರಿನಲ್ಲಿ ಚಹಾದಂಗಡಿಯವನನ್ನು ಕೇಳಿದಾಗ, ಬ್ಯಾಡಗಿ ರಸ್ತೆಯಲ್ಲಿ ಎರಡು ಕಡೆ ಕುರಿ ತರುಬಿದ್ದಾರೆ ಎಂದ. ಮೊದಲನೆಯ ಹಿಂಡು ರಸ್ತೆಯಿಂದಲೇ ಕಂಡಿತು. ಕುರಿಗಳು ಕೂಳೆ ಮೇಯುತ್ತ ನೆಟ್ಟಗೆ ಓಡಾಡಿಕೊಂಡಿದ್ದವು. ಕೈಸರರಿಗೆ ಉಸಿರು ಬಂದಂತಾಯಿತು. ಇಳಿದು ಕೇಳಿದರೆ ಅದು ಕೊಟ್ರಪ್ಪನ ಹಿಂಡಲ್ಲ.

"ಅವರದು ಮುಂದ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ದಾಟಿದ ಮ್ಯಾಲ" ಎಂದ ಕುರಿಗಾರ. "ಅಲ್ಲೇನೋ ಗದ್ದಲ ನಡದೈತಿ ಅಂದ್ರು. ಮರಿ ಬಿದ್ದಾವಂತ."

ಕೈಸರ ಓಡಿ ಬಂದು ಸ್ಕೂಟಿ ಹತ್ತಿದರು; ಇನ್ನೊಂದು ಮೈಲಿ ಇತ್ತು.

ಹೊಲದ ಬದುವಿನಲ್ಲಿ ಸ್ಕೂಟಿ ನಿಲ್ಲಿಸಿದಾಗ ಮೊದಲು ಕೇಳಿದ್ದು ಕುರಿಗಳ ಸದ್ದಲ್ಲ, ಗಂಡಸೊಬ್ಬನ ಬೈಗುಳ. ಬಲೆಯ ಬೇಲಿಯ ಹೊರಗೆ, ಜಾಲಿಯ ನೆರಳಿನಲ್ಲಿ ಹನ್ನೊಂದು ಮರಿಗಳನ್ನು ಸಾಲಾಗಿ ಮಲಗಿಸಿದ್ದರು. ಕೆಲವು ಅಲ್ಲಾಡುತ್ತಿರಲಿಲ್ಲ. ಉಳಿದವುಗಳ ತಲೆ ಗಡಗಡ ನಡುಗುತ್ತಿತ್ತು. ಬಾಯಿಂದ ನೊರೆ ಇಳಿದು ಮಣ್ಣಿಗೆ ಹತ್ತಿತ್ತು. ಒಂದು ಮರಿ ಏಳಲು ಹೋಗಿ ಮುಂಗಾಲು ಮಡಿಚಿ ಬಿತ್ತು. ಬೇಲಿಯೊಳಗಿಂದ ತಾಯಿಕುರಿಗಳು ಒಂದೇ ಸಮನೆ ಕೂಗುತ್ತಿದ್ದವು.

ಬೈಯುತ್ತಿದ್ದವನೇ ಕೊಟ್ರಪ್ಪ. ಅವನೆದುರು ಹದಿನೈದು ಹದಿನಾರರ ಹುಡುಗಿಯೊಬ್ಬಳು ಕರಪತ್ರ ಹಿಡಿದು ನಿಂತಿದ್ದಳು. ಅವನ ಮಗಳು ಐಶ್ವರ್ಯ. ಹೊಸರಿತ್ತಿಯಲ್ಲಿ ಉಳಿದು ಓದುವವಳು, ರಜೆಗೆಂದು ಬಂದಿದ್ದಳು. ಕೊಟ್ರಪ್ಪನಿಗೂ ಅವನ ಹೆಂಡತಿ ಗದಿಗೆವ್ವನಿಗೂ ಓದು ಬಾರದು. ಬೆಳಿಗ್ಗೆ ಹಾಳೆಯನ್ನು ಓದಿ ಹೇಳಿದ್ದು ಅವಳು. ತೂಕಕ್ಕೆ ಸಣ್ಣವೆಂದು ಮರಿಗಳಿಂದ ಶುರು ಮಾಡಿದ್ದರು.

"ಶಾಲಿಗೆ ಹಾಕಿದ್ದು ಇದಕ್ಕೇನ? ಒಂದು ಅಂಕಿ ಓದಾಕ ಬರೂದಿಲ್ಲ? ಹನ್ನೊಂದು ಜೀವ! ನೋಡಿಲ್ಲೆ, ಹನ್ನೊಂದು!"

"ಇಪ್ಪತ್ತೈದ ಐತಪ್ಪ" ಎಂದು ಹುಡುಗಿ ಅಳುತ್ತ ಹಾಳೆಯನ್ನು ಮುಂದೆ ಹಿಡಿಯುತ್ತಿದ್ದಳು. "ಬಾಳ ಆಗತೈತೇನೋ ಅಂತ ನನಗೂ ಅನಿಸಿತ್ತು. ಆದ್ರ ಪ್ರಿಂಟ್ ಆಗೇತಿ, ಖರೇ ಇರ್ತೈತಿ ಅಂದ್ಕೊಂಡೆ."

ಕೊಟ್ರಪ್ಪ ಕೈ ಎತ್ತಿದ. ಆಗ ಕೈಸರ ಬದುವಿನಿಂದ ಇಳಿದು ಓಡಿದರು. ಬೂದಿಬಣ್ಣದ ಬುರ್ಖಾದ ಅಂಚು ಕೂಳೆಗೆ ಸಿಕ್ಕು ಹರಿಯಿತು.

"ಹೊಡೀಬ್ಯಾಡ್ರಿ. ಆಕಿ ಬರೋಬ್ಬರಿ ಓದ್ಯಾಳ. ತಪ್ಪು ನನ್ನದು."

ಎಲ್ಲರೂ ತಿರುಗಿ ನೋಡಿದರು. ಪಕ್ಕದ ಹೊಲದಿಂದ ಬಂದಿದ್ದ ಆರೇಳು ಗಂಡಸರೂ ಅಲ್ಲಿದ್ದರು.

"ನೀವು ಯಾರು?" ಎಂದ ಕೊಟ್ರಪ್ಪ.

"ಆ ಹಾಳಿ ಮಾಡಿದಾಕಿ. ಎರಡೂವರಿ ಇರಬೇಕಾಗಿತ್ತು. ನಡಕಿನ ಚುಕ್ಕಿ ಮುಚ್ಚಿ ಇಪ್ಪತ್ತೈದು ಆಗೇತಿ. ಈಗ ಡಾಕ್ಟರನ್ನ ಕರೀರಿ ಮೊದಲ. ಹತ್ತು ಪಟ್ಟು ಹೆಚ್ಚಿಗಿ ಕುಡಿಸೇವಿ ಅಂತ ಹೇಳ್ರಿ."

"ಗಿಡಮೂಲಿ ಕುಡಿಸಾಕತ್ತೇವಿ" ಎಂದಳು ಗದಿಗೆವ್ವ. ಮಡಿಲಲ್ಲಿ ಒಂದು ಮರಿಯ ತಲೆ ಇಟ್ಟುಕೊಂಡಿದ್ದಳು. ಮುಖ ಎತ್ತಲಿಲ್ಲ.

ಸಾನಿಯಾ ಅಷ್ಟರಲ್ಲಿ ಫೋನ್ ತೆಗೆದು ಬ್ಯಾಡಗಿಯ ಪಶುವೈದ್ಯರ ನಂಬರು ಹುಡುಕಿ ಕರೆ ಮಾಡಿದ್ದಳು. ಅವರು ಔಷಧದ ಹೆಸರು ಕೇಳಿದರು. ಡಬ್ಬಿ ನೋಡಿ ಹೇಳಿದಳು. ಎಷ್ಟು ಕುಡಿಸಿದ್ದಾರೆಂದು ಕೇಳಿದರು, ಅದನ್ನೂ ಹೇಳಿದಳು. ಇನ್ನೇನನ್ನೂ ಬಾಯಿಗೆ ಹಾಕಬೇಡಿ, ನೆರಳಿನಲ್ಲಿಡಿ, ಬಂದೆ ಎಂದರು. ಇಪ್ಪತ್ತು ನಿಮಿಷಕ್ಕೆ ಬಂದರು.

ಆ ಇಪ್ಪತ್ತು ನಿಮಿಷವೂ ಗಂಡಸರು ಕೈಸರರ ಸುತ್ತ ನಿಂತರು. ಒಬ್ಬ ಕರಪತ್ರದ ಬುಡದ ಹೆಸರನ್ನು ಜೋರಾಗಿ ಓದಿದ. ಇನ್ನೊಬ್ಬ ಫೋನ್ ಎತ್ತಿ ಅವರ ಮುಖದ ಚಿತ್ರ ತೆಗೆದ. "ಬೇಕಂತನ ಮಾಡಿದ್ದೇನ?" ಎಂಬ ಮಾತು ಹಿಂದಿನಿಂದ ಬಂತು. ಯಾರು ಅಂದದ್ದೆಂದು ತಿರುಗಿ ನೋಡಲು ಧೈರ್ಯವಾಗಲಿಲ್ಲ. ಮಗಳ ಮಣಿಕಟ್ಟು ಹಿಡಿದುಕೊಂಡು ನಿಂತರು. ಮಗಳನ್ನು ಕರೆತಂದು ತಪ್ಪು ಮಾಡಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅವರು ನಿಂತಿದ್ದಂತೆಯೇ ಇನ್ನೊಂದು ಮರಿಯ ನಡುಕ ನಿಂತು ಅದರ ಜೀವ ಹೋಯಿತು.

ಕೊಟ್ರಪ್ಪ ಅವರ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡರು ಕೈಸರ. ಅವನು ಫೋಟೋ ತೆಗೆಯುತ್ತಿದ್ದವನ ಕೈಯನ್ನು ಕೆಳಗೆ ಒತ್ತಿ, "ಇದು ನನ್ನ ಹಿಂಡು. ನೀವು ಹೋಗ್ರಿ ಈಗ" ಎಂದ. ಅದು ಆ ಗಂಡಸರಿಗೆ ಹೇಳಿದ್ದೋ ತಮಗೆ ಹೇಳಿದ್ದೋ ಎಂದು ಕೈಸರರಿಗೆ ತಿಳಿಯಲಿಲ್ಲ.

ವೈದ್ಯರು ಬಂದು ಸೂಜಿ ಹಾಕಿದರು. ಸಂಜೆಯ ಹೊತ್ತಿಗೆ ಏಳು ಮರಿಗಳು ಸತ್ತಿದ್ದವು, ನಾಲ್ಕು ಎದ್ದು ನಿಂತಿದ್ದವು. ದೊಡ್ಡ ಕುರಿಗಳಿಗೆ ಇನ್ನೂ ಕುಡಿಸಿರಲಿಲ್ಲ. ಹೊರಡುವಾಗ ಕೈಸರ ಐಶ್ವರ್ಯಳ ಹತ್ತಿರ ಹೋಗಿ, "ನಿನ್ನ ತಪ್ಪಿಲ್ಲವ್ವ" ಎಂದರು. ಹುಡುಗಿ ತಲೆಯಾಡಿಸಿದಳು. ಹಾಳೆಯನ್ನು ಇನ್ನೂ ಹಿಡಿದಿದ್ದಳು. ಕೊಡು ಎಂದು ಕೇಳಿದರೆ ಕೊಡಲಿಲ್ಲ.

ಮುಂದಿನ ಮೂರು ವಾರ ಅಂಗಡಿಯ ಶಟರ್ ಅರ್ಧವೇ ಮೇಲೇರುತ್ತಿತ್ತು. ಕರಪತ್ರದ ಚಿತ್ರ, ಬುಡದ ಹೆಸರಿಗೆ ಕೆಂಪು ಸುತ್ತು ಹಾಕಿ, ಎರಡು ಮೂರು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಶಾನವಾಜ ಗ್ಯಾರೇಜಿಗೆ ಹೋಗುವುದು ಬಿಟ್ಟು ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂತರು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಕೈಸರ ಬೆಚ್ಚುತ್ತಿದ್ದರು. ಜಗಳಕ್ಕೆ ಯಾರೂ ಬರಲಿಲ್ಲ. ಒಂದು ಸಂಜೆ ಇಬ್ಬರು ಅಪರಿಚಿತರು ಬಂದು ಬಹಳ ಹೊತ್ತು ಎದುರಿನ ಕಟ್ಟೆಯ ಮೇಲೆ ಕೂತು ನೋಡಿದರು. ಎದ್ದು ಬಂದು, ನಾಮಕರಣದ ಕಾರ್ಡು ಆಗುತ್ತದೆಯೇ ಎಂದು ಕೇಳಿದರು. ಕೈಸರ ಆಗುತ್ತದೆ ಎಂದು ಹೇಳಿ, ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿ ಅತ್ತರು.

ಶಶಿಕಾಂತ ಕೊಟ್ರಪ್ಪನಿಗೆ ಮರಿಗಳ ಬದಲು ಮರಿಗಳನ್ನೇ ಕೊಡಿಸಿದರು. ಕೈಸರ ಅದರಲ್ಲಿ ತಮ್ಮ ಪಾಲು ಹಾಕಿದರು. ಆದರೆ ಶಶಿಕಾಂತ ಆಮೇಲೆ ಅವರಿಗೆ ಕೆಲಸ ಕೊಡಲಿಲ್ಲ. "ಸುಮ್ಮನಿದ್ದಿದ್ರ ಹುಡುಗಿ ತಪ್ಪು ಓದ್ಯಾಳ ಅಂತ ಮುಗದ ಹೋಗ್ತಿತ್ತು" ಎಂದು ಯಾರ ಬಳಿಯೋ ಹೇಳಿದರಂತೆ. ಆ ಮಾತು ಕೇಳಿದ ದಿನ ಕೈಸರರಿಗೆ ಹೊಸದೊಂದು ಹೆದರಿಕೆ ಹುಟ್ಟಿತು. ತಾವು ಅಂದು ಹೋಗದೆ ಇದ್ದಿದ್ದರೆ, ಆ ಹುಡುಗಿ ಜೀವನವಿಡೀ ತನ್ನ ಕಣ್ಣನ್ನೇ ನಂಬದೆ ಉಳಿಯುತ್ತಿದ್ದಳು. ಸ್ವಲ್ಪದರಲ್ಲಿ ತಪ್ಪಿತ್ತು ಅದು.

ಈಗ ಅವರು ಅಂಕಿಗಳಿರುವ ಯಾವ ಕೆಲಸವನ್ನೂ ಮೇಲ್ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಔಷಧದ್ದಾಗಲಿ, ಬೀಜದ್ದಾಗಲಿ, ತಾವೇ ಹಾವೇರಿಗೆ ಹೋಗಿ ಮೆಷಿನ್ನಿನ ಪಕ್ಕ ನಿಂತು ಮೊದಲ ಹಾಳೆ ನೋಡುತ್ತಾರೆ. ಪ್ರಮಾಣವನ್ನು ಅಂಕಿಯಲ್ಲಿ ಬರೆದ ಮೇಲೆ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯುತ್ತಾರೆ: ಎರಡೂವರೆ. ಗಿರಾಕಿಗಳು ಜಾಗ ಸಾಲದು ಎಂದರೆ ಕೆಲಸ ಬಿಡುತ್ತಾರೆ.

ಹೋದ ಚಳಿಗಾಲದಲ್ಲಿ ಅಂಥದೇ ಒಂದು ಕೆಲಸಕ್ಕೆ ಹಾವೇರಿಗೆ ಹೋಗಿ ಬಸ್ಸಿನಲ್ಲಿ ಮರಳುತ್ತಿದ್ದರಂತೆ. ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಕುರಿ ಹಿಂಡೊಂದು ಅಡ್ಡ ಬಂದು ಬಸ್ಸು ನಿಂತಿತು. ಕೈಸರ ಕಿಟಕಿಯ ಬಳಿ ಕೂತಿದ್ದರು. ಹಿಂಡಿನ ಹಿಂದೆ ಕಂಬಳಿ ಹೊದ್ದು ಬರುತ್ತಿದ್ದವಳು ಗದಿಗೆವ್ವ. ಹೆಗಲ ಮೇಲೆ ಆಗತಾನೆ ಹುಟ್ಟಿದ ಮರಿ. ಅವಳು ಬಸ್ಸಿಗೆ ಒರಗುವಷ್ಟು ಹತ್ತಿರ ಬಂದು, ದಾರಿ ಬಿಡಿಸುತ್ತ, ಒಂದೊಂದೇ ಕಿಟಕಿಯನ್ನು ನೋಡುತ್ತ ನಡೆದಳು. ಕೈಸರ ಮುಖ ಮುಚ್ಚಿಕೊಳ್ಳಬೇಕೆಂದುಕೊಂಡರು; ಕೈ ಏಳಲಿಲ್ಲ. ಗದಿಗೆವ್ವ ಅವರ ಕಿಟಕಿಯನ್ನೂ ನೋಡಿದಳು, ಒಂದು ಕ್ಷಣ ನಿಂತಳು, ಮುಂದೆ ಹೋದಳು. ಗುರುತು ಹಿಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ಬಸ್ಸು ರಾಣೆಬೆನ್ನೂರು ಮುಟ್ಟುವವರೆಗೂ ಕೈಸರ ಮುಂದಿನ ಸೀಟಿನ ಸರಳು ಬಿಡಲಿಲ್ಲ.